ಕೋರಂ ಬೇಕಿಲ್ಲದ ಅಮಾವಾಸ್ಯೆ

ಮೊದಲೇ ಹೇಳಿಬಿಡುತ್ತೇನೆ, ನಾನು ವಿರೋಧ ಪಕ್ಷದವಳು. ನಮ್ಮೂರ ಪಟ್ಟಣ ಪಂಚಾಯಿತಿಯ ಹದಿನೇಳು ಸದಸ್ಯರಲ್ಲಿ ನಾವು ಐದು ಜನ, ಅವರು ಹನ್ನೆರಡು ಜನ. ಆ ಹನ್ನೆರಡು ಜನರ ಬಗ್ಗೆ ನಾನು ತೂಗಿ ಅಳೆದು, ಸಮಾಧಾನವಾಗಿ ಬರೆಯುತ್ತೇನೆ ಎಂದು ಯಾರಾದರೂ ಕಾದಿದ್ದರೆ ಅವರು ಬೇರೆ ಪುಸ್ತಕ ತೆಗೆದುಕೊಳ್ಳುವುದು ಒಳ್ಳೆಯದು. ಅವರ ದೆಸೆಯಿಂದ ಹತ್ತಿರ ಹತ್ತಿರ ಎರಡು ವರ್ಷ ಹೊಟ್ಟೆ ಉರಿಸಿಕೊಂಡಿದ್ದೇನೆ. ಕೊನೆಗೆ ಒಂದು ದಿನ ಗೆದ್ದಿದ್ದೇನೆ. ಗೆದ್ದವಳು ಸ್ವಲ್ಪ ಜಂಬ ಕೊಚ್ಚಿಕೊಂಡರೆ ಸಹಿಸಿಕೊಳ್ಳಬೇಕು.

ಊರಿನ ಹೆಸರು ಬರೆಯುವುದಿಲ್ಲ. ಚನ್ನಗಿರಿಯಲ್ಲ, ಹೊನ್ನಾಳಿಯಲ್ಲ, ನ್ಯಾಮತಿಯಲ್ಲ, ನನ್ನ ತವರು ಜಗಳೂರಂತೂ ಅಲ್ಲವೇ ಅಲ್ಲ. ಇವುಗಳಿಗಿಂತ ಚಿಕ್ಕದು, ಬಸ್ಸು ಹತ್ತು ನಿಮಿಷ ನಿಂತು ಹೋಗುವಂಥದು. ಜನರ ಹೆಸರನ್ನೂ ಬರೆಯುವುದಿಲ್ಲ. ಹೆಸರಿನ ಹಪಾಹಪಿಯಿಂದಲೇ ಇಷ್ಟೆಲ್ಲ ಆದದ್ದು, ಆಮೇಲೆ ಹೇಳುತ್ತೇನೆ.

ನಾನು ಬ್ಲೌಸ್ ಹೊಲಿಯುವವಳು. ಸಂತೆ ಮೈದಾನದ ವಾರ್ಡಿಗೆ ಮಹಿಳಾ ಮೀಸಲಾತಿ ಬಂದಾಗ ನಮ್ಮ ಪಕ್ಷದವರಿಗೆ ಅಲ್ಲಿ ನಿಲ್ಲಲು ಯಾರೂ ಸಿಗಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಮೆಷಿನ್ನಿನ ಮುಂದೆ ಕೂತಿದ್ದ ನನ್ನನ್ನು ಎಬ್ಬಿಸಿಕೊಂಡು ಹೋಗಿ ನಾಮಪತ್ರಕ್ಕೆ ಸಹಿ ಹಾಕಿಸಿದರು. ಸೋಲಲಿಕ್ಕೆ ಒಬ್ಬಳು ಬೇಕಿತ್ತು, ಅಷ್ಟೆ. ಆದರೆ ಆ ವಾರ್ಡಿನ ಅರ್ಧ ಹೆಂಗಸರ ಅಳತೆ ನನ್ನ ಪುಸ್ತಕದಲ್ಲಿತ್ತು. ಯಾರ ಕಂಕುಳಲ್ಲಿ ಬಿಗಿಯಾಗುತ್ತದೆ, ಯಾರಿಗೆ ಬೆನ್ನು ಇಳಿಸಬೇಕು ಎಂದು ನನಗೆ ಗೊತ್ತಿದ್ದಷ್ಟು ಅವರ ಗಂಡಂದಿರಿಗೂ ಗೊತ್ತಿರಲಿಲ್ಲ. ಗೆದ್ದೆ. ನಮ್ಮ ಪಕ್ಷದವರಿಗೇ ಆಶ್ಚರ್ಯವಾಯಿತು.

ಗೆದ್ದು ಒಂದೂವರೆ ವರ್ಷವಾಗುತ್ತಾ ಬಂದಾಗ ಒಂದು ದಿನ ಸಂತೆಯಲ್ಲಿ ನನ್ನನ್ನು ಮೊದಲು ತರಾಟೆಗೆ ತೆಗೆದುಕೊಂಡವಳು ನಮ್ಮ ನಾದಿನಿ, ಯಜಮಾನರ ತಂಗಿ. ಅವಳನ್ನು ನ್ಯಾಮತಿಗೆ ಕೊಟ್ಟಿದ್ದೇವೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಮಾರುತ್ತಾಳೆ. ಒಂದು ದಿನ ಹೊನ್ನಾಳಿ, ಒಂದು ದಿನ ಚನ್ನಗಿರಿ ಕಡೆ, ಒಂದು ದಿನ ನಮ್ಮೂರು, ಹೀಗೆ ಸಂತೆಯಿಂದ ಸಂತೆಗೆ ಬಸ್ಸಿನ ಮೇಲೆ ಮೂಟೆ ಹಾಕಿಕೊಂಡು ತಿರುಗುವುದು ಅವಳ ಬದುಕು. ನಮ್ಮೂರ ಸಂತೆಗೆ ಬಂದ ದಿನ ನಾನು ಬುತ್ತಿ ಒಯ್ಯುತ್ತಿದ್ದೆ. ರೊಟ್ಟಿ ತಿನ್ನುತ್ತಿದ್ದಳು, ಪಲ್ಯ ತಿನ್ನುತ್ತಿದ್ದಳು, ನೀರಿನ ಬಾಟಲಿ ಮುಂದಿಟ್ಟರೆ ಮಾತ್ರ ಮೊಣಕೈಯಿಂದ ಪಕ್ಕಕ್ಕೆ ಸರಿಸುತ್ತಿದ್ದಳು. ಬೆಳಗ್ಗೆ ಮನೆ ಬಿಟ್ಟವಳು ಸಂಜೆ ಮನೆ ಸೇರುವವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಅವಳೊಬ್ಬಳೇ ಅಲ್ಲ, ಸಾಲಿನಲ್ಲಿ ಕೂತ ಹೆಂಗಸರೆಲ್ಲ ಹಾಗೇ. ಗಂಡಸರು ಕಾಂಪೌಂಡ್ ಗೋಡೆ ಕಡೆ ತಿರುಗಿ ನಿಂತುಬಿಡುತ್ತಿದ್ದರು. ಹೆಂಗಸರು ಎಲ್ಲಿಗೆ ಹೋಗಬೇಕು? ನಮ್ಮ ಮನೆಗೆ ಬಾ ಎಂದರೆ ಊರು ದಾಟಿ ಬರಬೇಕು, ಅಷ್ಟರಲ್ಲಿ ಮೆಣಸಿನಕಾಯಿ ಯಾರದೋ ಚೀಲ ಸೇರಿರುತ್ತಿತ್ತು.

"ಅತ್ತಿಗೆ, ನೀನು ಮೆಂಬರ್ ಆಗಿ ಹಾರ ಹಾಕ್ಕೊಂಡಿದ್ದು ಸಾಕು. ಆ ಕಟ್ಟಡದ ಬೀಗ ತೆಗಿಸು, ಆಗ ಒಪ್ತೀನಿ" ಎಂದಳು.

ಅವಳು ಕೈ ತೋರಿಸಿದ್ದು ಮೈದಾನದ ಮೂಲೆಯಲ್ಲಿದ್ದ ಮಹಿಳಾ ಶೌಚಾಲಯಕ್ಕೆ. ಅದಕ್ಕೆ ಗುಂಡಿ ತೋಡಿಸಿದ್ದು ಹಿಂದೆ ನಮ್ಮ ಪಕ್ಷ ಅಧಿಕಾರದಲ್ಲಿದ್ದಾಗ. ಗುಂಡಿ ತೋಡಿ, ಫೋಟೊ ತೆಗೆಸಿಕೊಂಡು, ಐದು ವರ್ಷ ಹಾಗೇ ಬಿಟ್ಟಿದ್ದರು. ಮಳೆಗಾಲದಲ್ಲಿ ಅದರಲ್ಲಿ ಎಮ್ಮೆ ಬಿದ್ದಿತ್ತು. ಇದನ್ನು ಒಪ್ಪಿಕೊಳ್ಳುತ್ತೇನೆ, ಒಪ್ಪಿಕೊಂಡು ಮತ್ತೆ ಅವರನ್ನೇ ಬೈಯುತ್ತೇನೆ. ಯಾಕೆಂದರೆ ಅವರ ಕಾಲದಲ್ಲಿ ಕಟ್ಟಡ ಪೂರ್ತಿಯಾಯಿತು. ಆರು ಬಾಗಿಲು, ನೆಲಕ್ಕೆ ಟೈಲ್ಸ್, ಮೇಲೊಂದು ಟ್ಯಾಂಕು, ಬೋರಿನ ನೀರು. ಬಣ್ಣವೂ ಹೊಡೆದಾಯಿತು. ಆಮೇಲೆ ಬೀಗ ಬಿತ್ತು. ಎಲ್ಲ ಸಿದ್ಧವಾಗಿಯೂ ತೆರೆಯದೇ ಇರುವ ಬಾಗಿಲನ್ನು ವಾರ ವಾರ ನೋಡುವುದಿದೆಯಲ್ಲ, ಗುಂಡಿ ನೋಡುವುದಕ್ಕಿಂತ ಅದು ಹೆಚ್ಚು ಸಿಟ್ಟು ತರಿಸುತ್ತದೆ.

ಬೀಗಕ್ಕೆ ಕಾರಣ ಹನ್ನೆರಡು ಜನ ಆರು ಆರು ಆದದ್ದು. ಗೆದ್ದ ಹೊಸತರಲ್ಲಿ ಅಧ್ಯಕ್ಷ ಪದವಿಗೆ ಇಬ್ಬರು ಪಟ್ಟು ಹಿಡಿದಿದ್ದರು. ಅವರ ಪಕ್ಷದ ಹಿರಿಯರು ಇಬ್ಬರನ್ನೂ ದೇವಸ್ಥಾನಕ್ಕೆ ಕರೆದೊಯ್ದು, ಎಲೆ ಅಡಿಕೆ ಇಟ್ಟು, ತೆಂಗಿನಕಾಯಿ ಮುಟ್ಟಿಸಿ ಆಣೆ ಮಾಡಿಸಿದರು. ಮೊದಲ ಹದಿನೈದು ತಿಂಗಳು ಒಬ್ಬರು, ಉಳಿದ ಹದಿನೈದು ತಿಂಗಳು ಇನ್ನೊಬ್ಬರು. ಮೊದಲನೆಯವರು ಕುರ್ಚಿ ಏರಿದರು. ಅವರನ್ನು ಇರುವ ಅಧ್ಯಕ್ಷರು ಎನ್ನೋಣ, ಇನ್ನೊಬ್ಬರನ್ನು ಆಗಬೇಕಾದ ಅಧ್ಯಕ್ಷರು ಎನ್ನೋಣ.

ಹದಿನೈದು ತಿಂಗಳು ತುಂಬಿದಾಗ ಆಷಾಢ ಬಂದಿತ್ತು. "ಆಷಾಢದಾಗೆ ಯಾರಾದ್ರೂ ಅಧಿಕಾರ ಬಿಟ್ಟು ಕೊಡ್ತಾರೇನ್ರಿ?" ಎಂದರು ಇರುವ ಅಧ್ಯಕ್ಷರು. ಆಗಬೇಕಾದವರಿಗೂ ಆಷಾಢದಲ್ಲಿ ಕುರ್ಚಿ ಏರಲು ಮನಸ್ಸಿರಲಿಲ್ಲ, ಸುಮ್ಮನಾದರು. ಅಲ್ಲಿಗೆ ಅವರ ಕಥೆ ಮುಗಿಯಿತು. ಶ್ರಾವಣದಲ್ಲಿ ಮನೆದೇವರ ಪೂಜೆ ಇತ್ತು. ಭಾದ್ರಪದದಲ್ಲಿ ಗಣಪತಿ ಕೂರಿಸುವ ಗಡಿಬಿಡಿ, ಅದು ಮುಗಿಯುವಷ್ಟರಲ್ಲಿ ಪಿತೃಪಕ್ಷ. ಆಮೇಲೆ ದಸರಾ, ದೀಪಾವಳಿ, ಕಾರ್ತೀಕ. ಒಳ್ಳೆಯ ದಿನಗಳು ಬಂದಾಗ ಒಳ್ಳೆಯ ದಿನಗಳಲ್ಲಿ ರಾಜೀನಾಮೆಯಂಥ ಅಶುಭ ಮಾತು ಯಾಕೆ ಎಂದರು. ಅಷ್ಟರಲ್ಲಿ ಧನುರ್ಮಾಸ. ಸಂಕ್ರಾಂತಿಗೆ ಮನೆ ಮನೆಗೆ ಬಂದು ಎಳ್ಳು ಬೆಲ್ಲ ಕೊಟ್ಟರು, ರಾಜೀನಾಮೆ ಮಾತ್ರ ಕೊಡಲಿಲ್ಲ. ಪಂಚಾಂಗವನ್ನು ಇಷ್ಟು ಶ್ರದ್ಧೆಯಿಂದ ಓದಿದ ಮನುಷ್ಯ ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ.

ಅಲ್ಲಿಂದ ಆಡಳಿತ ನಿಂತಿತು. ಅವರು ಸಭೆ ಕರೆದರೆ ಇವರು ಬರುವುದಿಲ್ಲ, ಇವರು ಮನವಿ ಕೊಟ್ಟರೆ ಅವರು ಸಭೆ ಕರೆಯುವುದಿಲ್ಲ. ಕಸದ ಗಾಡಿಯ ಡ್ರೈವರನ ಗುತ್ತಿಗೆ ಮುಗಿದಿತ್ತು, ಮುಂದುವರಿಸಲು ಸಭೆಯ ಠರಾವು ಬೇಕಿತ್ತು. ಗಾಡಿ ಕಚೇರಿಯ ಅಂಗಳದಲ್ಲೇ ನಿಂತಿತು. ಅದರ ಸೀಟಿನ ಮೇಲೆ ಕೋಳಿಯೊಂದು ಮೊಟ್ಟೆಯಿಟ್ಟು, ಕಾವು ಕೂತು, ಮರಿಗಳನ್ನು ಕೆಳಗಿಳಿಸಿಕೊಂಡು ಹೋಯಿತು. ಹನ್ನೆರಡು ಜನರ ಬಹುಮತದಲ್ಲಿ ನಮ್ಮ ಪಂಚಾಯಿತಿ ಅಂಗಳದಲ್ಲಿ ಹೊರಬಂದ ಫಲ ಅದೊಂದೇ. ಬೀದಿ ದೀಪ ಕೆಟ್ಟರೆ ಕೆಟ್ಟೇ ಇರುತ್ತಿತ್ತು. ಶೌಚಾಲಯವನ್ನು ನೋಡಿಕೊಳ್ಳಲು ನಮ್ಮ ವಾರ್ಡಿನ ಮಹಿಳಾ ಸಂಘದವರು ತಯಾರಿದ್ದರು, ಅದಕ್ಕೂ ಠರಾವು ಬೇಕಿತ್ತು. ಅದಕ್ಕಿಂತ ದೊಡ್ಡ ಜಗಳ ಉದ್ಘಾಟನೆಯದು. ಬಾಗಿಲ ಪಕ್ಕದ ಗೋಡೆಯಲ್ಲಿ ನಾಮಫಲಕಕ್ಕೆಂದು ಗೌಂಡಿ ಚೌಕಾಕಾರದ ಜಾಗ ಬಿಟ್ಟಿದ್ದ. ಇಬ್ಬರೂ ತಮ್ಮ ತಮ್ಮ ಹೆಸರು ಮೇಲೆ ಬರುವಂತೆ ಕಪ್ಪು ಕಲ್ಲು ಕೆತ್ತಿಸಿದ್ದರು. ಎರಡು ಕಲ್ಲುಗಳನ್ನೂ ಬಟ್ಟೆ ಸುತ್ತಿ ಕಚೇರಿಯ ಗೋದಾಮಿನಲ್ಲಿ ಎದುರು ಬದುರು ನಿಲ್ಲಿಸಿದ್ದರು.

ನಾನು ಮುಖ್ಯಾಧಿಕಾರಿಗಳ ಹತ್ತಿರ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಸಾಧು ಮನುಷ್ಯ, ಯಾವಾಗಲೂ ವರ್ಗಾವಣೆಯ ಕನಸು ಕಾಣುತ್ತಿದ್ದವರು. "ಮೇಡಂ, ಠರಾವು ಇಲ್ಲದೆ ನಾನು ಕೀಲಿ ಕೊಟ್ಟರೆ ಇಬ್ಬರೂ ಸೇರಿ ನನ್ನ ಮೇಲೆ ದೂರು ಬರೀತಾರೆ" ಎನ್ನುತ್ತಿದ್ದರು. ಇಬ್ಬರೂ ಸೇರಿ ಏನಾದರೂ ಒಂದು ಮಾಡಿದರೆ ಅದೇ ಸಂತೋಷ ಎಂದು ನಾನು ಹೇಳಿ ಬರುತ್ತಿದ್ದೆ.

ಈ ನಡುವೆ ನಾದಿನಿಗೆ ಕಿಡ್ನಿಯಲ್ಲಿ ಕಲ್ಲಾಯಿತು. ಮೊದಲ ಸಲ ಬಂದ ನೋವನ್ನು ಅವಳು ಯಾರಿಗೂ ಹೇಳಲಿಲ್ಲ. ಎರಡನೇ ಸಲ ಸಂತೆಯಲ್ಲೇ ಮುದುಡಿಕೊಂಡು ಬಿದ್ದಳು. ನಾನೇ ಶಿವಮೊಗ್ಗದ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ನನ್ನ ಕೈ ಹಿಡಿದ ಹಿಡಿತಕ್ಕೆ ಎರಡು ಬಳೆ ಒಡೆದವು. ಡಾಕ್ಟರು ಎಲ್ಲ ನೋಡಿ, ಇನ್ನು ಮುಂದೆ ಹೊತ್ತು ಹೊತ್ತಿಗೆ ನೀರು ಕುಡಿಯಲೇಬೇಕು, ಹೀಗೇ ಒಣಗಿಕೊಂಡು ಕೂತರೆ ಕಿಡ್ನಿಯೇ ಹೋಗುತ್ತದೆ, ಇಲ್ಲ ಸಂತೆ ಬಿಟ್ಟುಬಿಡು ಎಂದರು. ಸಂತೆ ಬಿಟ್ಟರೆ ಅವಳ ಮನೆಯಲ್ಲಿ ಒಲೆ ಉರಿಯುವುದಿಲ್ಲ.

"ನೀರು ಕುಡಿಯಾಕೆ ಬರೆದು ಕೊಟ್ರಿ, ಸರಿ. ಕುಡಿದ ಮ್ಯಾಲೆ ಎಲ್ಲಿಗೆ ಹೋಗ್ಲಿ ಅನ್ನೋದನ್ನೂ ಬರೆದು ಕೊಡ್ರಿ ಡಾಕ್ಟ್ರೇ" ಎಂದಳು ನಾದಿನಿ.

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಅವಳ ಕಡೆಯ ಒಬ್ಬ ಮೆಂಬರು, ನಾನೇ, ಅಲ್ಲೇ ಪಕ್ಕದಲ್ಲಿ ಕೂತಿದ್ದಳಲ್ಲ. ಆ ದಿನ ಬಸ್ಸಿನಲ್ಲಿ ಬರುತ್ತಾ, ಈ ಬೀಗ ತೆಗೆಸದಿದ್ದರೆ ರಾಜೀನಾಮೆ ಕೊಟ್ಟು ಮೆಷಿನ್ ತುಳಿಯುತ್ತೇನೆ ಎಂದು ತೀರ್ಮಾನಿಸಿದೆ. ಅಧ್ಯಕ್ಷರಂತಲ್ಲ, ನಿಜವಾದ ರಾಜೀನಾಮೆ.

ಯುಗಾದಿ ಕಳೆದ ಮೇಲೆ ಒಂದು ಸಾಮಾನ್ಯ ಸಭೆ ಕರೆದರು. ನಾನು ಬರೆದುಕೊಟ್ಟ ಶೌಚಾಲಯದ ವಿಷಯ ಅಜೆಂಡಾದ ಕೊನೆಯಲ್ಲಿತ್ತು. ನಾವು ಐದು ಜನ ಹನ್ನೊಂದು ಗಂಟೆಗೆ ಸಭಾಂಗಣದಲ್ಲಿ ಕೂತೆವು. ಇರುವ ಅಧ್ಯಕ್ಷರ ಆರು ಜನ ಹೊರಗೆ ಪಡಸಾಲೆಯಲ್ಲಿ ನಿಂತಿದ್ದರು. ಆಗಬೇಕಾದವರ ಆರು ಜನ ಹೊಂಗೆ ಮರದ ಕೆಳಗೆ. ಇವರು ಒಳಗೆ ಹೋದರೆ ಅವರು ಬಹಿಷ್ಕಾರ ಹಾಕುತ್ತಾರೆ, ಅವರು ಒಳಗೆ ಹೋದರೆ ಇವರು. ಮೊದಲು ಒಳಗೆ ಹೋದವರು ಸೋತಂತೆ ಎಂದು ಇಬ್ಬರೂ ಲೆಕ್ಕ ಹಾಕಿದ್ದರು. ಎರಡೂ ಕಡೆಗೆ ಒಂದೇ ಹೋಟೆಲಿನಿಂದ ಚಹಾ ಹೋಯಿತು. ಅರ್ಧ ಗಂಟೆ ಕಾದು ಮುಖ್ಯಾಧಿಕಾರಿಗಳು ಗಡಿಯಾರ ನೋಡಿ, ಸಭೆ ನಡೆಸಲು ಬೇಕಾದಷ್ಟು ತಲೆಗಳಿಲ್ಲದ್ದರಿಂದ, ಕೋರಂ ಇಲ್ಲ, ಸಭೆ ಮುಂದೂಡಲಾಗಿದೆ ಎಂದು ಬರೆದರು. ಹನ್ನೆರಡು ಜನ ಗೆದ್ದವರ ಹಾಗೆ ಹೊರಟುಹೋದರು.

ಎರಡು ದಿನದ ಮೇಲೆ ಕಚೇರಿಯ ಜವಾನ ಮುಂದೂಡಿದ ಸಭೆಯ ನೋಟೀಸು ತಂದ. ತಲುಪಿದ್ದಕ್ಕೆ ಪುಸ್ತಕದಲ್ಲಿ ಸಹಿ ಹಾಕಬೇಕು. ನನಗಿಂತ ಮುಂಚೆಯೇ ಹನ್ನೆರಡು ಜನರ ಸಹಿ ಆಗಿತ್ತು. "ಎಲ್ರೂ ಕ್ಯಾಲೆಂಡರ್ ನೋಡಿ ನಕ್ರು ಮೇಡಂ. ಅವತ್ತು ಅಮಾಸೆ ಐತಂತೆ. ಯಾರು ಬರ್ತಾರೆ ಬಿಡಪ್ಪ ಅಂದ್ರು" ಎಂದ ಜವಾನ.

ಬಟ್ಟೆ ಕೈಗೆ ಬಂದರೆ ಮೊದಲು ಅಂಚು ನೋಡುವುದು ನನ್ನ ಕಸುಬಿನ ಅಭ್ಯಾಸ. ಕಾಗದವನ್ನೂ ಹಾಗೇ ನೋಡುತ್ತೇನೆ. ನೋಟೀಸಿನ ತೀರ ಕೆಳಗೆ, ಮೊಹರಿನ ಮಸಿ ಅರ್ಧ ಮುಚ್ಚಿದ ಒಂದು ಸಾಲಿತ್ತು. ಕೋರಂ ಇಲ್ಲದೆ ಮುಂದೂಡಲಾದ ಸಭೆಯ ವಿಷಯಗಳನ್ನು ಈ ಸಭೆಯಲ್ಲಿ ಕೋರಂ ಇರಲಿ ಇಲ್ಲದಿರಲಿ ತೀರ್ಮಾನಿಸಬಹುದು ಎಂದಿತ್ತು. ಮೂರು ಸಲ ಓದಿದೆ. ಮೆಷಿನ್ನಿನ ಮೇಲಿದ್ದ ಬ್ಲೌಸನ್ನು ಹಾಗೇ ಬಿಟ್ಟು ಮೇಷ್ಟ್ರ ಮನೆಗೆ ಓಡಿದೆ. ನಮ್ಮ ಐವರಲ್ಲಿ ಹಿರಿಯರು ಅವರು, ನಿವೃತ್ತ ಮೇಷ್ಟ್ರು. ಹಳೆಯ ನೋಟೀಸುಗಳನ್ನೆಲ್ಲ ಮೊಳೆಗೆ ಚುಚ್ಚಿ ಇಟ್ಟಿದ್ದರು. ಕಳಚಿ ನೋಡಿದೆವು. ಹಿಂದೆ ಮುಂದೂಡಿದ ಸಭೆಗಳ ನೋಟೀಸುಗಳಲ್ಲೂ ಅದೇ ಸಾಲು ಅದೇ ಜಾಗದಲ್ಲಿತ್ತು. ಒಂದು ವರ್ಷದಿಂದ ಹದಿನೇಳು ಜನರೂ ತಾರೀಖು ನೋಡಿ, ತಿಥಿ ನೋಡಿ, ಸಹಿ ಹಾಕಿದ್ದೆವು. ಆ ಸಭೆಗಳಿಗೂ ಯಾರೂ ಹೋಗಿರಲಿಲ್ಲ. ನಾವೂ ಅಷ್ಟೇ ದಡ್ಡರು.

ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ನಕ್ಕರು. ಆಮೇಲೆ, "ಯಾರ ಹತ್ರನೂ ಉಸಿರು ಬಿಡಬ್ಯಾಡವ್ವ" ಎಂದರು. ಐದು ಜನ ಬಾಯಿಗೆ ಹೊಲಿಗೆ ಹಾಕಿಕೊಂಡೆವು. ನಾನು ಯಜಮಾನರಿಗೂ ಹೇಳಲಿಲ್ಲ, ಅವರಿಗೆ ಚಹಾದಂಗಡಿಯ ಚಟ ಇದೆ.

ನಮ್ಮ ಅದೃಷ್ಟಕ್ಕೆ ಅಮಾವಾಸ್ಯೆಯ ಮುಂದಿನ ವಾರ ಅಧ್ಯಕ್ಷರ ಮೇಲೆ ಆಗಬೇಕಾದವರು ತಂದ ಅವಿಶ್ವಾಸದ ಸಭೆ ಇತ್ತು. ಒಬ್ಬರ ಕಡೆಯವರನ್ನು ಇನ್ನೊಬ್ಬರು ಎಳೆದುಕೊಳ್ಳಬಾರದೆಂದು ಎರಡೂ ಬಣದವರು ತಂತಮ್ಮ ಸದಸ್ಯರನ್ನು ಟೆಂಪೊ ಟ್ರಾವೆಲರಿನಲ್ಲಿ ತುಂಬಿಕೊಂಡು ಹೊರಟಿದ್ದರು. ಒಂದು ಗಾಡಿ ದೇವಸ್ಥಾನಗಳ ಕಡೆ, ಇನ್ನೊಂದು ಸಮುದ್ರದ ಕಡೆ. ಹೊರಡುವ ಮುಂಚೆ ಎಲ್ಲರ ಮೊಬೈಲುಗಳನ್ನು ಕಿತ್ತು ಒಂದು ಚೀಲಕ್ಕೆ ಹಾಕಿ ಆಫ್ ಮಾಡಿ ಇಟ್ಟುಕೊಂಡರಂತೆ. ಅವರ ಕಡೆಯ ಮಹಿಳಾ ಸದಸ್ಯರ ಮೊಬೈಲುಗಳನ್ನು ಅವರ ಗಂಡಂದಿರ ಜೇಬಿನಿಂದ ಕಿತ್ತುಕೊಳ್ಳಬೇಕಾಯಿತಂತೆ. ಯಾರೂ ಯಾರಿಗೂ ಫೋನ್ ಮಾಡದಂತೆ ಅವರೇ ಅವರಿಗೆ ಬೀಗ ಹಾಕಿಕೊಂಡರು. ಇಷ್ಟು ಸಹಕಾರವನ್ನು ನಮ್ಮ ಪಕ್ಷದವರೂ ನನಗೆ ಎಂದೂ ಕೊಟ್ಟಿಲ್ಲ.

ಅಮಾವಾಸ್ಯೆಯ ದಿನ ಹನ್ನೊಂದು ಗಂಟೆಗೆ ಐದು ಜನ ಸಭಾಂಗಣಕ್ಕೆ ಹೋದೆವು. ಮುಖ್ಯಾಧಿಕಾರಿಗಳು ಟಿಫಿನ್ ಡಬ್ಬಿ ತೆಗೆಯುತ್ತಿದ್ದವರು ಗಾಬರಿಯಾಗಿ ಎದ್ದು ಬಂದರು. "ಮೇಡಂ, ಅಧ್ಯಕ್ಷರಿಲ್ಲ, ಉಪಾಧ್ಯಕ್ಷರೂ ಇಲ್ಲ. ಹೇಗೆ ಸಭೆ ಮಾಡೋದು?" ಎಂದರು.

"ನಿಮ್ಮ ನೋಟೀಸು ನೀವೇ ಓದ್ರಿ ಸರ್" ಎಂದೆ.

ಓದಿದರು. ನಿಯಮದ ಪುಸ್ತಕ ತರಿಸಿ ಅದನ್ನೂ ಓದಿದರು. ಅಧ್ಯಕ್ಷರು ಉಪಾಧ್ಯಕ್ಷರು ಇಬ್ಬರೂ ಇಲ್ಲದಿದ್ದರೆ ಹಾಜರಿದ್ದವರೇ ತಮ್ಮಲ್ಲಿ ಒಬ್ಬರನ್ನು ಆರಿಸಿಕೊಳ್ಳಬಹುದು ಎಂದೂ ಅದರಲ್ಲಿತ್ತು. ಪುಸ್ತಕ ಮುಚ್ಚುವಾಗ ಅವರ ಮುಖದಲ್ಲಿ ನಗು ಬಂತು. ಆ ಮನುಷ್ಯ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಮೇಷ್ಟ್ರು ಕುರ್ಚಿಯ ಕಡೆ ಕೈ ಮಾಡಿದರು. "ಬೀಗದ ವಿಷಯ ನಿಂದು. ಹೋಗು, ನೀನೇ ಕೂತ್ಕೊ."

ಅಧ್ಯಕ್ಷರ ತಿರುಗುವ ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ ಹೊದಿಸಿತ್ತು. ಅದನ್ನು ತೆಗೆದು, ಮಡಿಸಿ, ಪಕ್ಕಕ್ಕಿಟ್ಟೆ. ಕೂತೆ. ಇಬ್ಬರು ಗಂಡಸರು ಹತ್ತಿರ ಹತ್ತಿರ ಒಂದು ವರ್ಷ ಊರನ್ನು ಕತ್ತಲಲ್ಲಿಟ್ಟು ಎಳೆದಾಡಿದ ಕುರ್ಚಿ ಅದು. ಒಂದು ಕಡೆ ವಾಲುತ್ತಿತ್ತು. ನನ್ನ ಮೆಷಿನ್ನಿನ ಸ್ಟೂಲು ಇದಕ್ಕಿಂತ ವಾಸಿ ಅನ್ನಿಸಿತು. ಆದರೂ ಸುಳ್ಳು ಯಾಕೆ, ಎದೆ ಉಬ್ಬಿತ್ತು. ಇಪ್ಪತ್ತು ನಿಮಿಷದಲ್ಲಿ ಕಸದ ಗಾಡಿಗೆ ಡ್ರೈವರ್ ಬಂದ, ಬೀದಿ ದೀಪಗಳಿಗೆ ಒಪ್ಪಿಗೆಯಾಯಿತು, ಶೌಚಾಲಯ ಮಹಿಳಾ ಸಂಘದ ಕೈಗೆ ಬಂತು. ಪ್ರತಿಯೊಂದಕ್ಕೂ ಐದು ಕೈಗಳು ಮೇಲೆದ್ದವು. ವಿರೋಧ ಯಾರೂ ಇಲ್ಲ ಎಂದು ಮುಖ್ಯಾಧಿಕಾರಿಗಳು ದಪ್ಪ ಅಕ್ಷರದಲ್ಲಿ ಬರೆದುಕೊಂಡರು.

ಮಾರನೆಯ ದಿನವೇ ಸಂತೆ. ಬೆಳಗ್ಗೆ ಸಂಘದ ಹೆಂಗಸರು ಪೊರಕೆ, ಬಕೆಟ್ಟು ಹಿಡಿದು ಬಂದರು. ಕೀಲಿ ನನ್ನ ಕೈಯಲ್ಲಿತ್ತು. ಬೀಗ ತುಕ್ಕು ಹಿಡಿದು ತೆರೆಯಲೇ ಇಲ್ಲ. ಮೆಷಿನ್ನಿನ ಎಣ್ಣೆ ತರಿಸಿ ಎರಡು ಹನಿ ಬಿಟ್ಟ ಮೇಲೆ ತೆರೆಯಿತು. ಟೇಪು ಕತ್ತರಿಸಲಿಲ್ಲ, ದೀಪ ಹಚ್ಚಲಿಲ್ಲ, ಒಬ್ಬಾಕೆ ಬಾಗಿಲ ಮುಂದೆ ರಂಗೋಲಿಯ ಒಂದೆಳೆ ಎಳೆದಳು. ಗೋಡೆಯ ಮೇಲಿನ ಖಾಲಿ ಚೌಕ ನೋಡಿದಾಗ ನನ್ನ ಹೆಸರು ಅಲ್ಲಿ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಒಂದು ಗಳಿಗೆ ಮನಸ್ಸಿನಲ್ಲೇ ಅಳತೆ ಹಾಕಿದೆ. ನಮ್ಮ ಪಕ್ಷದ ತಾಲ್ಲೂಕು ಮುಖಂಡರಂತೂ ಫೋನ್ ಮಾಡಿ ತಮ್ಮ ಹೆಸರೂ ಸೇರಲಿ ಎಂದರು. ಫೋನ್ ಆಫ್ ಮಾಡಿದೆ. ಆ ವಿದ್ಯೆಯನ್ನು ಹನ್ನೆರಡು ಜನರಿಂದಲೇ ಕಲಿತಿದ್ದೆ.

ಸುದ್ದಿ ಹೇಗೋ ಎರಡೂ ಗಾಡಿಗಳಿಗೆ ಮುಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಇರುವ ಅಧ್ಯಕ್ಷರು ಒಂದು ಕಡೆಯಿಂದ, ಆಗಬೇಕಾದ ಅಧ್ಯಕ್ಷರು ಇನ್ನೊಂದು ಕಡೆಯಿಂದ ಮೈದಾನಕ್ಕೆ ಬಂದಿಳಿದರು. ಒಬ್ಬರ ಹಣೆಯಲ್ಲಿ ಕುಂಕುಮ ಇನ್ನೂ ಇತ್ತು, ಇನ್ನೊಬ್ಬರ ಪ್ಯಾಂಟಿನ ತುದಿಯಲ್ಲಿ ಮರಳು. ಇಬ್ಬರ ಕಡೆಯವರೂ ತಂತಮ್ಮ ಕಲ್ಲು ಹೊತ್ತು ತಂದಿದ್ದರು.

"ಐದು ಜನ ಸೇರಿ ಊರು ನಡೆಸಾಕೆ ಆಗ್ತೈತೇನ್ರಿ? ನಾವು ಹನ್ನೆರಡು ಜನ ಅದೀವಿ!" ಎಂದು ಇರುವ ಅಧ್ಯಕ್ಷರು ಕೂಗಿದರು. ಆಗಬೇಕಾದವರು ಅದಕ್ಕೆ "ಹೌದು ಮತ್ತೆ!" ಎಂದರು. ಆಷಾಢದಿಂದೀಚೆ ಅವರಿಬ್ಬರು ಒಪ್ಪಿಕೊಂಡ ಮೊದಲ ಮಾತು ಅದು.

"ಹನ್ನೆರಡು ಅದೀವಿ ಅಂತ ನೀವು ಹೇಳಿದ್ದು ಇವತ್ತೇ ನೋಡ್ರಿ ಕೇಳಿದ್ದು. ಇಲ್ಲಿವರೆಗೂ ಆರು ಆರು ಇದ್ರಿ. ನಿಮ್ಮನ್ನ ಒಂದು ಮಾಡಿದ್ದಕ್ಕೆ ನನಗೊಂದು ಶಾಲು ಹೊದಿಸ್ರಿ" ಎಂದೆ.

ಸುತ್ತ ಕೂತ ಹೆಂಗಸರು ಗೊಳ್ಳೆಂದರು. ಇರುವ ಅಧ್ಯಕ್ಷರು, ಉದ್ಘಾಟನೆ ಆಗದೆ ಯಾರೂ ಒಳಗೆ ಹೋಗುವಂತಿಲ್ಲ ಎಂದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು. ಅಲ್ಲಿ ಹೆಂಗಸರ ಸಾಲು ನಿಂತಿತ್ತು. ಮಹಿಳೆಯರಿಗೆ ಎಂದು ಬಾಗಿಲ ಮೇಲೆ ದೊಡ್ಡದಾಗಿ ಬರೆದಿತ್ತು. ಒಳಗೆ ನುಗ್ಗುವಂತಿಲ್ಲ, ಹಿಂದಕ್ಕೆ ಬರಲು ಮರ್ಯಾದೆ ಪ್ರಶ್ನೆ. ಸೊಪ್ಪು ಮಾರುವ ಅಜ್ಜಿಯೊಬ್ಬಳು ಅವರ ತೋಳು ತಟ್ಟಿ, "ಸ್ವಲ್ಪ ಆಕಡೆ ಸರೀಪಾ, ನನಗೆ ಅರ್ಜೆಂಟ್ ಐತೆ" ಎಂದಳು. ಅಧ್ಯಕ್ಷರು ಸರಿದು ನಿಂತರು. ಆಗಬೇಕಾದವರೂ ಸರಿದರು. ಬಹುಮತದ ಇಬ್ಬರು ನಾಯಕರು ಕಲ್ಲುಗಳ ಪಕ್ಕದಲ್ಲಿ, ಬಿಸಿಲಿನಲ್ಲಿ, ಒಟ್ಟಿಗೆ ನಿಂತರು. ಅಜ್ಜಿ ಒಳಗೆ ಹೋದಳು.

ನಾದಿನಿ ಇದನ್ನೆಲ್ಲ ತನ್ನ ಮೆಣಸಿನಕಾಯಿ ಗುಡ್ಡೆಯ ಹಿಂದೆ ಕೂತು ನೋಡುತ್ತಿದ್ದಳು. ಎದ್ದು ಬಂದಿರಲಿಲ್ಲ. ನಾನು ಎಂದಿನಂತೆ ಬುತ್ತಿ ಬಿಚ್ಚಿ, ಬಾಟಲಿಯನ್ನು ಪಕ್ಕದಲ್ಲಿಟ್ಟೆ. ಅವಳು ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಮುಂದಿನ ಸಂತೆಗೂ ತೆಗ್ದಿರ್ತೈತಾ?"

"ಕೀಲಿ ಸಂಘದ ಹತ್ರ ಐತೆ. ಅವರಿಬ್ಬರ ಹತ್ರ ಇಲ್ಲ" ಎಂದೆ.

ರೊಟ್ಟಿ ಮುಟ್ಟಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ, ತಲೆ ಎತ್ತಿ, ಇಡೀ ಸಂತೆಯ ಎದುರಿಗೆ ಕುಡಿಯತೊಡಗಿದಳು. ಗಂಟಲು ಮೇಲೆ ಕೆಳಗೆ ಆಡುತ್ತಿತ್ತು, ನೀರು ಗದ್ದದಿಂದ ಇಳಿದು ನಾನೇ ಹೊಲಿದ ಬ್ಲೌಸಿನ ಕುತ್ತಿಗೆ ತೋಯಿಸಿತು. ನನ್ನ ಕಣ್ಣಲ್ಲೂ ನೀರು ಬಂತು, ಒರೆಸಿಕೊಳ್ಳಲಿಲ್ಲ. ಕೊನೆಯ ಹನಿಯವರೆಗೂ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಖಾಲಿ ಬಾಟಲಿಯನ್ನು ನನ್ನ ಕೈಗಿಟ್ಟಳು.

"ಇನ್ನೊಂದು ಐತೇನು ಅತ್ತಿಗೆ?" ಎಂದಳು.